ಹೆಪ್ಪು

ಬಿತ್ತನೆ ಗೆಡ್ಡೆ ಕೊಯ್ಯುವಾಗ ಸಣ್ಣತಾಯಮ್ಮ ಹೇಳುತ್ತಿದ್ದಳು:
ಹೋಳಿಗೊಂದು ಕಣ್ಣಾದರೂ ಉಳಿಸು,
ಕುರುಡು ಹೋಳು ಮಣ್ಣಲ್ಲೇ ಕೊಳೆಯುತ್ತೆ.
ಹಾಸನದ ಕೋಲ್ಡ್ ಸ್ಟೋರೇಜಿನ ಹೊರಗೆ
ಗೋಣಿತಾಟಿನ ಮೇಲೆ, ಜಲಂಧರದ ಲಾರಿಗಳ ಧೂಳಿನಲ್ಲಿ
ದಿನಕ್ಕೆ ಹದಿನಾಲ್ಕು ಮೂಟೆ ಆಲೂಗಡ್ಡೆ.
ನನ್ನ ಮೊಣಕೈ ನೋಡಿದಳು. ಏನೂ ಕೇಳಲಿಲ್ಲ.
ಮೂರನೆಯ ದಿನ, ಕತ್ತಿಯಿಂದ ತಲೆ ಎತ್ತದೆ,
"ನಿನ್ನದನ್ನೂ ಹೋಳು ಮಾಡು" ಅಂದಳು.

ಮಾಡಿದೆ.
ಆಧಾರ್ ಕಾರ್ಡು, ಮಗಳ ಜನನಪತ್ರ
ಸಣ್ಣತಾಯಮ್ಮನ ಮನೆಯ ರಾಗಿ ಡ್ರಮ್ಮಿನ ತಳಕ್ಕೆ.
ವಾರಕ್ಕೆ ಐವತ್ತರಂತೆ ದುಡ್ಡು, ತೂಕ ಬರೆಯುವ ಜರೀನಾಳ ಹತ್ತಿರ.
ಮಗಳ ಒಂದು ಜೊತೆ ಬಟ್ಟೆ
ಶಾಲೆಯ ಬಿಸಿಯೂಟದ ಕೋಣೆಯಲ್ಲಿ, ಬೇಳೆ ಮೂಟೆಯ ಹಿಂದೆ.
ನನ್ನ ಫೋನನ್ನು ಅವನು ದಿನಾ ರಾತ್ರಿ ತೆರೆದು ನೋಡುತ್ತಿದ್ದ.
ಹಾಗಾಗಿ ಮಗಳು ಮಗ್ಗಿಯ ರಾಗದಲ್ಲಿ ಕಲಿತಳು:
ಹದಿನೆಂಟು ಹತ್ಲೆ ನೂರೆಂಬತ್ತು,
ಮೇಲೊಂದು ಅಮ್ಮ, ನೂರೆಂಬತ್ತೊಂದು.
ಅವನು ಕೇಳಿಸಿಕೊಂಡು, ಲೆಕ್ಕದಲ್ಲಿ ಚುರುಕು ಅಂತ
ಅವಳ ಬೆನ್ನು ತಟ್ಟಿದ.

ಇದಕ್ಕೂ ಮೊದಲು ಒಮ್ಮೆ ಠಾಣೆಗೆ ಹೋಗಿದ್ದೆ.
ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ನಕ್ಕರು.
ನಮ್ಮಲ್ಲಿ ಶುರುವಾಗುತ್ತಿದ್ದದ್ದೇ ಉಂಡ ಮೇಲೆ.

ಸಖಿ ಕೇಂದ್ರದ ಮೇಡಂ ನನಗಿಂತ ಚಿಕ್ಕವಳು.
ಹೊಂದಿಕೊಂಡು ಹೋಗಿ ಅನ್ನಲಿಲ್ಲ.
ಹಳೇ ಕ್ಯಾಲೆಂಡರಿನ ಬೆನ್ನಿಗೆ ಮನೆಯ ನಕ್ಷೆ ಬರೆಸಿದಳು.
ಮಾತು ಏರಿದಾಗ ಅಡಿಗೆಮನೆಗೆ ಸರಿಯಬೇಡಿ, ಅಲ್ಲಿ ಈಳಿಗೆಮಣೆ ಇದೆ.
ಬಚ್ಚಲಿಗೂ ಬೇಡ, ಅಲ್ಲಿಂದ ದಾರಿಯಿಲ್ಲ.
ಹೋಗ್ತೀನಿ ಅಂತ ಮಾತ್ರ ಬಾಯಿ ಬಿಡಬೇಡಿ,
ಹೇಳಿದ ರಾತ್ರಿಯೇ ಎಲ್ಲಕ್ಕಿಂತ ಕೆಟ್ಟದ್ದು.
ಆಮೇಲೆ ಕೇಳಿದಳು: ಬಾಗಿಲು ಒಳಕ್ಕೆ ತೆರೆಯುತ್ತೋ, ಹೊರಕ್ಕೋ?
ಹನ್ನೊಂದು ವರ್ಷ ಇದ್ದ ಮನೆ.
ನನಗೆ ಗೊತ್ತಿರಲಿಲ್ಲ.

ಪಕ್ಕದ ಮನೆ ದೇವೀರಮ್ಮನ ಜೊತೆ ಒಂದು ಮಾತು ಗೊತ್ತುಮಾಡಿಕೊಂಡೆ.
"ಹೆಪ್ಪು ಇದೆಯಾ?" ಅಂತ ಯಾರು ಕೇಳಿದರೂ
ಮಗುವನ್ನು ಒಳಗೆ ಎಳೆದುಕೊಂಡು ಫೋನು ಮಾಡಬೇಕು.
ಅಲ್ಲಿಂದ ಏಳು ತಿಂಗಳು ಮನೆಯಲ್ಲಿ ಮೊಸರು ಮಾಡಲಿಲ್ಲ.
ಮಾತು ಸವೆಯಬಾರದಲ್ಲ.
ಅವನು ಕೇಳಿದ, ಯಾಕೆ ಮೊಸರಿಲ್ಲ?
ಹಾಲು ಒಡೀತಿದೆ ಅಂದೆ.

ಹೊರಡುವುದು ಗುರುವಾರ ಅಂತಿತ್ತು, ಅವನು ಲೋಡಿಗೆ ಹೋಗುವ ದಿನ.
ಸೋಮವಾರವೇ ಬಂತು.
ಏನಾಯಿತು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.
ಖಾಲಿ ಲೋಟ ಹಿಡಿದು ಮಗಳು ಓಡಿದಳು.
ನಾನು ಬಾಗಿಲ ಹತ್ತಿರವೇ ನಿಂತಿದ್ದೆ
(ಒಳಕ್ಕೆ ತೆರೆಯುತ್ತೆ, ಎರಡು ಹೆಜ್ಜೆ ಹಿಂದೆ ನಿಲ್ಲಬೇಕು).
ಜೀಪು ಬಂದಾಗ ನನ್ನ ಎಡಗಾಲಿಗೆ ನನ್ನ ಚಪ್ಪಲಿ,
ಬಲಗಾಲಿಗೆ ದೇವೀರಮ್ಮನದು.

ಹೋಳುಗಳು ಆಮೇಲೆ ಒಂದೊಂದಾಗಿ ಬಂದು ಸೇರಿದವು.
ಕಾಗದಗಳಿಗೆ ರಾಗಿ ಹಿಟ್ಟಿನ ವಾಸನೆ.
ಜರೀನಾ ಎಣಿಸಿ ಕೊಟ್ಟಳು, ನನ್ನ ಲೆಕ್ಕಕ್ಕಿಂತ
ಇನ್ನೂರು ಜಾಸ್ತಿಯಿತ್ತು. ತಪ್ಪಿರಬೇಕು ಅಂದೆ.
ನನ್ನ ತಕ್ಕಡಿ ಹಾಗೇ ತೂಗೋದು ಅಂದಳು.
ಬಟ್ಟೆಯನ್ನು ಮಾತ್ರ ಇಲಿ ಕಡಿದಿತ್ತು.

ಈಗಿರುವ ಊರಿನ ಹೆಸರು ಹೇಳುವುದಿಲ್ಲ.
ರೈಲು ಹೋದಾಗ ಪಾತ್ರೆ ಸದ್ದು ಮಾಡುವ ಒಂದು ಕೋಣೆ, ಅಷ್ಟು ಸಾಕು.
ನಿನ್ನೆ ಅರ್ಧ ಲೀಟರು ಹಾಲು ಕಾಯಿಸಿ ಆರಿಸಿಟ್ಟೆ.
ಎದುರು ಮನೆಯ ಬಾಗಿಲಲ್ಲಿ ನಿಂತು, ನಾಲಿಗೆ ಒಣಗಿ,
"ಹೆಪ್ಪು ಇದೆಯಾ?" ಅಂದೆ.
ಮಗಳು ನನ್ನ ಸೆರಗು ಹಿಡಿದಳು.
ಆ ಹೆಂಗಸು ಬಟ್ಟಲಲ್ಲಿ ಎರಡು ಚಮಚ ತಂದುಕೊಟ್ಟಳು,
ಟಿವಿ ಕಡೆ ತಿರುಗಿಕೊಂಡೇ.

ಚಳಿ ಹೆಚ್ಚು. ಬೆಳಿಗ್ಗೆ ಮುಚ್ಚಳ ತೆಗೆದರೆ ಇನ್ನೂ ಹಾಲು ಹಾಲೇ.
ಇರಲಿ. ಮುಚ್ಚಿಟ್ಟಿದ್ದೇನೆ.
ಸಂಜೆಗೆ ನೋಡೋಣ.